ಹಾಡಿನ ಹೆಣ್ಣಿನ ಬಣ್ಣವೂ ನಮ್ಮ ಮನೆಯ ಮಕ್ಕಳ ಚರ್ಮವೂ

ಕಳೆದ ಜಾತ್ರೆ ಮುಗಿದ ಮರುವಾರ ಶ್ರೀಮಠದ ಭಕ್ತ ಮನೆತನವೊಂದರ ತಾಯಿಯೊಬ್ಬರು ತಮ್ಮ ಹತ್ತೊಂಬತ್ತು ವರ್ಷದ ಮಗಳನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಹುಡುಗಿ ಓಢಣಿಯಿಂದ ಕಣ್ಣುಗಳಷ್ಟೇ ಕಾಣುವಂತೆ ಮುಖವನ್ನು ಸುತ್ತಿಕೊಂಡಿದ್ದಳು. ಅದನ್ನು ಸರಿಸಿದಾಗ ಎರಡೂ ಕೆನ್ನೆಗಳು ಕೆಂಪಗೆ ಕಾದಂತಿದ್ದವು. ಚರ್ಮದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಜೇಡನ ಬಲೆಯಂತೆ ಹರಡಿಕೊಂಡು ಹೊರಗೆ ಕಾಣುತ್ತಿದ್ದವು. ಗಲ್ಲದ ತುಂಬ ಗುಳ್ಳೆಗಳೆದ್ದಿದ್ದವು, ಮೇಲ್ದುಟಿಯ ಮೇಲೆ ಹೊಸದಾಗಿ ರೋಮ ಮೂಡಿತ್ತು. ಬಿಸಿಲಿಗೆ ಹೋದರೂ ಉರಿ, ಒಲೆಯ ಮುಂದೆ ನಿಂತರೂ ಉರಿ ಎಂದಳು.

“ಸಾಹೇಬ್ರ, ನಾಕು ತಿಂಗಳ ಹಿಂದ ಇಕಿ ಮುಖ ಹಾಲಿನಂಗ ಆಗಿತ್ರಿ. ಕ್ರೀಮ್ ಬಿಟ್ಟಮ್ಯಾಲ ಹಿಂಗ ಆಗೇತಿ. ಮೊದಲಿನಂಗ ಮಾಡಿಕೊಡ್ರಿ” ಎಂದರು ತಾಯಿ. ಯಾವ ಮೊದಲು, ಕ್ರೀಮು ಹಚ್ಚುವುದಕ್ಕಿಂತ ಮೊದಲೋ ಬಿಡುವುದಕ್ಕಿಂತ ಮೊದಲೋ ಎಂದು ನಾವು ಕೇಳಿದೆವು. ಆ ತಾಯಿ ಉತ್ತರಿಸಲಿಲ್ಲ.

ಮೂಲವನ್ನು ವಿಚಾರಿಸಿದಾಗ ತಿಳಿದದ್ದಿಷ್ಟು. ಸಂಬಂಧಿಕರ ಹುಡುಗನೊಬ್ಬ ಗೆಳೆಯರನ್ನು ಕಟ್ಟಿಕೊಂಡು ಯೂಟ್ಯೂಬಿಗಾಗಿ ಜಾನಪದ ಧಾಟಿಯ ಹಾಡೊಂದನ್ನು ಚಿತ್ರೀಕರಿಸಿದ್ದನು. ಈ ಹುಡುಗಿ ಕಾಲೇಜಿನಲ್ಲಿ ನೃತ್ಯಕ್ಕೆ ಬಹುಮಾನ ಪಡೆದವಳು. ಕುಣಿತವನ್ನು ಎಲ್ಲರಿಗೂ ಹೇಳಿಕೊಟ್ಟವಳೂ ಇವಳೇ. ಆದರೆ ಚಿತ್ರೀಕರಣದ ದಿನ ಪಟ್ಟಣದಿಂದ ಕರೆಸಿದ್ದ ಬಿಳಿಯ ಬಣ್ಣದ ಹುಡುಗಿಯನ್ನು ಮುಂದೆ ನಿಲ್ಲಿಸಿ ಇವಳನ್ನು ಹಿಂದಿನ ಸಾಲಿಗೆ ಕಳಿಸಿದರು. “ಲೈಟಿಗೆ ನಿನ್ನ ಬಣ್ಣ ಹೊಂದೂದಿಲ್ಲ” ಎಂಬುದು ಅವರು ಕೊಟ್ಟ ಕಾರಣ. ಅದೇ ವಾರ ಗೆಳತಿಯೊಬ್ಬಳು ಹೇಳಿದ ಟ್ಯೂಬನ್ನು ಔಷಧಿ ಅಂಗಡಿಯಿಂದ ತಂದು, ದಿನಕ್ಕೆರಡು ಬಾರಿಯಂತೆ ಎಂಟು ತಿಂಗಳು ಹಚ್ಚಿದಳು. ಯಾವ ವೈದ್ಯರ ಚೀಟಿಯೂ ಇರಲಿಲ್ಲ, ಅಂಗಡಿಯವರು ಕೇಳಲೂ ಇಲ್ಲ.

ಬೆಳಕಿಗೆ ಕಪ್ಪು ಬಣ್ಣ ಹೊಂದುವುದಿಲ್ಲವೆಂಬ ಆ ಮಾತನ್ನು ನಾವು ಹಾಗೆಯೇ ಬಿಡಲಾರೆವು. ಅದರ ಹಿಂದೆ ಒಂದು ಚರಿತ್ರೆಯಿದೆ. ಬಣ್ಣದ ಛಾಯಾಚಿತ್ರ ರೂಢಿಗೆ ಬಂದ ಕಾಲದಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯು ಫೋಟೋ ಮುದ್ರಿಸುವ ಪ್ರಯೋಗಾಲಯಗಳಿಗೆ ಮಾದರಿ ಚಿತ್ರವೊಂದನ್ನು ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಮಹಿಳೆ. ಅವಳ ಹೆಸರಿನಿಂದ ಅದನ್ನು ‘ಶರ್ಲಿ ಕಾರ್ಡ್’ ಎಂದೇ ಕರೆಯುತ್ತಿದ್ದರು. ಆಕೆಯ ಚರ್ಮ ಸರಿಯಾಗಿ ಮೂಡಿದರೆ ಬಣ್ಣ ಸರಿಯಾಗಿದೆಯೆಂದು ಅರ್ಥ. ಕಪ್ಪು ಚರ್ಮದವರ ಮುಖ ಆ ಫಿಲ್ಮಿನಲ್ಲಿ ಮಸಿಯಂತೆ ಮೂಡಿದರೆ ಅದು ಮುಖದ ದೋಷವೆಂದೇ ಎಣಿಸಲಾಗುತ್ತಿತ್ತು. ಫಿಲ್ಮನ್ನು ಸುಧಾರಿಸಲು ಒತ್ತಾಯ ತಂದವರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣಗಳ ತಯಾರಕರು ಮುಖ್ಯರಾಗಿದ್ದರೆಂದು ಆ ಸಂಸ್ಥೆಯಲ್ಲಿದ್ದವರೇ ಮುಂದೆ ಹೇಳಿದ್ದಾರೆ. ತಮ್ಮ ಸರಕಿನ ಕಂದು ಬಣ್ಣದ ಸೂಕ್ಷ್ಮ ಭೇದಗಳು ಚಿತ್ರದಲ್ಲಿ ಬರುವುದಿಲ್ಲವೆಂದು ಅವರು ದೂರಿದ್ದರಂತೆ! ಮನುಷ್ಯರ ದೂರಿಗಿಂತ ಮೇಜು ಕುರ್ಚಿಗಳ ದೂರು ಬೇಗ ತಲುಪಿತು. ಇಂದಿನ ಕ್ಯಾಮೆರಾಗಳಿಗೆ ಆ ಕೊರತೆಯಿಲ್ಲ. ಕಪ್ಪು ಚರ್ಮದ ಮೇಲೆ ಬೆಳಕನ್ನು ಹೇಗೆ ಬೀಳಿಸಬೇಕೆಂದು ಬಲ್ಲವನಿಗೆ ಅದರಷ್ಟು ಹೊಳಪು ಕೊಡುವ ಚರ್ಮ ಇನ್ನೊಂದಿಲ್ಲ. ಹೊಂದದೇ ಇದ್ದದ್ದು ದೀಪ ಹಿಡಿದವನ ಕಣ್ಣಿಗೆ.

ನಾವು ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು ನೋಡಿದ ಚಿತ್ರಗಳಲ್ಲಿ ಬಹುಪಾಲು ಕಪ್ಪುಬಿಳುಪಿನವು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆರೆಕಂಡದ್ದು 1964ರಲ್ಲಿ. ಅದಕ್ಕೆ ಮೊದಲಿನ ನಾಯಕಿಯರ ಮೈಬಣ್ಣ ಯಾವುದೆಂದು ಕೇಳಿದರೆ ನಮಗೆ ಹೇಳಲು ತಿಳಿಯದು. ಕಣ್ಣು, ದನಿ, ನಡಿಗೆಗಳು ಮಾತ್ರ ನೆನಪಿವೆ. ಬಿಳಿಯ ಬಣ್ಣದ ಮೇಲಿನ ಮೋಹ ಆಗಲೂ ಇತ್ತು, ಇಲ್ಲವೆನ್ನುವುದು ಸುಳ್ಳು. ಆದರೆ ಇಂದು ಅಂಗೈಯಗಲದ ಮೊಬೈಲಿನಲ್ಲಿ ಒಂದೇ ಹಾಡು ದಿನಕ್ಕೆ ಇಪ್ಪತ್ತು ಬಾರಿ ಕಣ್ಣೆದುರು ಬರುತ್ತದೆ. ಅದರಲ್ಲಿ ನಾಯಕಿಯ ಬಿಳುಪು ವರ್ಣನೆಯ ವಸ್ತುವೂ ಹೌದು, ಪ್ರದರ್ಶನದ ವಸ್ತುವೂ ಹೌದು. 2015ರ ಹಿಂದಿ ಚಿತ್ರ ‘ರಾಯ್’ನಲ್ಲಿ ಹೆಣ್ಣಿನ ಬಿಳಿಯ ಮಣಿಕಟ್ಟುಗಳನ್ನೇ ಪಲ್ಲವಿಯಾಗಿಸಿದ ಹಾಡು ದೇಶದ ಎಲ್ಲ ಮದುವೆ ಮನೆಗಳಲ್ಲಿ ಮೊಳಗಿತು. 2020ರಲ್ಲಿ ‘ಖಾಲಿ ಪೀಲಿ’ ಎಂಬ ಚಿತ್ರದ ಹಾಡೊಂದು, ನಮ್ಮ ಬಿಳಿಯ ಚೆಲುವೆಯನ್ನು ಕಂಡರೆ ಬಿಯಾನ್ಸೆ ಎಂಬ ಅಮೆರಿಕದ ಕಪ್ಪು ಗಾಯಕಿಯೂ ನಾಚಬೇಕೆಂಬ ಅರ್ಥದಲ್ಲಿ ಬಂದಾಗ ಮಾತ್ರ ಜನ ಸಿಡಿದೆದ್ದರು. ನಿರ್ಮಾಪಕರು ಸಾಹಿತ್ಯವನ್ನು ಬದಲಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷ ತೆರೆಕಂಡ ‘ಬಾಲಾ’ ಎಂಬ ಚಿತ್ರದಲ್ಲಿ ಕಪ್ಪು ಬಣ್ಣದ ಹೆಣ್ಣಿನ ನೋವನ್ನು ಹೇಳಲು ಹೊರಟವರು ಆ ಪಾತ್ರಕ್ಕೆ ಆರಿಸಿಕೊಂಡದ್ದು ಬಿಳಿಯ ನಟಿಯನ್ನು, ಮುಖಕ್ಕೆ ಕಪ್ಪು ಬಳಿದು! ಕನ್ನಡದ ಹಾಡುಗಳ ಮಾತನ್ನು ಬೇರೆ ಆಡಬೇಕಾಗಿಲ್ಲ. ನಮ್ಮ ನೆಲದ ಬಿಸಿಲುಂಡ ಮೈಬಣ್ಣದ ಹುಡುಗಿಯರು ನಮ್ಮದೇ ಹಾಡುಗಳಲ್ಲಿ ಎಷ್ಟು ಜನ ಮುಂದಿನ ಸಾಲಿನಲ್ಲಿದ್ದಾರೆಂದು ಓದುಗರೇ ಎಣಿಸಬಹುದು.

ಇಷ್ಟಾಗಿ ತೆರೆಯ ಮೇಲೆ ಕಾಣುವ ಆ ಬಿಳುಪು ಆ ನಟಿಯದೂ ಅಲ್ಲ. ಮೊದಲು ಮುಖದ ಬಣ್ಣಕ್ಕಿಂತ ಒಂದು ಅಂಶ ತಿಳಿಯಾದ ಲೇಪ, ಅದರ ಮೇಲೆ ಎದುರಿನಿಂದಲೂ ಕೆಳಗಿನಿಂದಲೂ ಬಿಳಿಯ ಬೆಳಕು, ಕೊನೆಗೆ ಗಣಕಯಂತ್ರದಲ್ಲಿ ಬಣ್ಣವನ್ನು ತಿದ್ದಿ ಚರ್ಮದ ರಂಧ್ರಗಳನ್ನೂ ಅಳಿಸುತ್ತಾರೆ. ಮೊಬೈಲಿನ ಫಿಲ್ಟರು ಇಷ್ಟನ್ನೂ ಕ್ಷಣದಲ್ಲಿ ಮಾಡುತ್ತದೆ. ನಮ್ಮ ಹುಡುಗಿಯರು ತಮ್ಮ ನಿಜವಾದ ಚರ್ಮವನ್ನು ಹೋಲಿಸಿಕೊಳ್ಳುತ್ತಿರುವುದು ಲೋಕದಲ್ಲಿ ಯಾರಿಗೂ ಇಲ್ಲದ ಚರ್ಮದೊಡನೆ.

ಚರ್ಮದ ಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ವರ್ಣದ್ರವ್ಯದ ವಿಚಾರವನ್ನು ಇಲ್ಲಿ ಹೇಳಲೇಬೇಕು. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪು ಮತ್ತು ಬಿಳಿಯ ಚರ್ಮಗಳಲ್ಲಿ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ಕಟ್ಟುವ ವರ್ಣಕಣಗಳ ಗಾತ್ರ, ಪ್ರಮಾಣ ಮತ್ತು ಹರಡುವಿಕೆಯಲ್ಲಿ ಮಾತ್ರ ಭೇದ. ಇದನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ಅನೇಕ ವಂಶವಾಹಿಗಳು. ಬಸುರಿಯರಿಗೆ ಕೇಸರಿ ಹಾಲು ಕುಡಿಸಿದರೆ ಮಗು ಬೆಳ್ಳಗಾಗುತ್ತದೆಂಬುದು ಬರಿಯ ನಂಬಿಕೆ. ಹಾಲಿನಿಂದ ಪ್ರಯೋಜನವುಂಟು, ಕೇಸರಿಯಿಂದ ಅಂಗಡಿಯವನಿಗೆ ಪ್ರಯೋಜನವುಂಟು. ಮೆಲನಿನ್ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಒಳಗಿನ ಕೋಶಗಳನ್ನು ಕಾಯುವ ಕೊಡೆ. ಅತಿಬಿಳಿಯ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿ, ನಮ್ಮಂಥವರಲ್ಲಿ ವಿರಳವಾಗಿ ಕಾಣುವುದಕ್ಕೆ ಈ ಕೊಡೆಯೇ ಕಾರಣ. ನಮ್ಮ ಸೀಮೆಯ ಬಿಸಿಲಿನಲ್ಲಿ ದುಡಿಯುವವರಿಗೆ ಇದು ಹಿರಿಯರಿಂದ ಬಂದ ಆಸ್ತಿ.

ಈ ಆಸ್ತಿಯನ್ನು ಕರಗಿಸುವ ವ್ಯಾಪಾರ ನಮ್ಮ ದೇಶದಲ್ಲಿ ದೊಡ್ಡದಾಗಿ ಬೆಳೆದದ್ದು 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದ ಬಳಿಕ. ಕಪ್ಪು ಹುಡುಗಿಗೆ ಕೆಲಸವೂ ಇಲ್ಲ, ವರನೂ ಇಲ್ಲ, ಕ್ರೀಮು ಹಚ್ಚಿದೊಡನೆ ಎರಡೂ ಒದಗಿಬಂದವು ಎಂಬ ಜಾಹೀರಾತುಗಳನ್ನು ಒಂದು ತಲೆಮಾರು ಪೂರ್ತಿ ನೋಡಿತು. ಮೈಬಣ್ಣದಿಂದ ಯಾರನ್ನೂ ಕೀಳಾಗಿ ತೋರಿಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಸೂಚನೆ ಹೊರಡಿಸಿತು. 2020ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಬಿಸಿ ಜಗತ್ತಿಗೆಲ್ಲ ತಟ್ಟಿದಾಗ ಆ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಅದೇ ವರ್ಷ ವಧೂವರರನ್ನು ಹುಡುಕುವ ‘ಶಾದಿ ಡಾಟ್ ಕಾಮ್’ ಮೈಬಣ್ಣದಿಂದ ಆರಿಸುವ ಸೌಲಭ್ಯವನ್ನು ತೆಗೆದುಹಾಕಿತು. ಹೆಸರುಗಳೇನೋ ಹೋದವು. ನಮ್ಮ ಮನೆಗಳಲ್ಲಿ ಕನ್ಯೆ ನೋಡಲು ಹೋಗಿ ಬಂದವರನ್ನು ಮೊದಲು ಕೇಳುವ ಪ್ರಶ್ನೆ ಹೋಗಿಲ್ಲ.

ಜಾಹೀರಾತಿನ ಕ್ರೀಮುಗಳಿಗಿಂತ ನಮಗೆ ಹೆಚ್ಚು ಭಯವಿರುವುದು ಔಷಧಿ ಅಂಗಡಿಯ ಟ್ಯೂಬುಗಳ ವಿಷಯದಲ್ಲಿ. ಈ ಹುಡುಗಿ ಹಚ್ಚಿದ್ದು ಸ್ಟೀರಾಯ್ಡ್ ಇರುವ ಮುಲಾಮು. ಇಸುಬು ಮುಂತಾದ ಚರ್ಮವ್ಯಾಧಿಗಳಲ್ಲಿ ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಕೊಡುವ ಒಳ್ಳೆಯ ಔಷಧ ಅದು. ಮುಖಕ್ಕೆ ಹಚ್ಚಿದಾಗ ರಕ್ತನಾಳಗಳು ಕುಗ್ಗಿ, ಮೆಲನಿನ್ ತಯಾರಿಕೆ ತಗ್ಗಿ, ಒಂದೆರಡು ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಮೊಡವೆಯೂ ಅಡಗುತ್ತದೆ. ಮನೆಯವರು ಹೊಗಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುತ್ತದೆ, ರಕ್ತನಾಳಗಳು ಶಾಶ್ವತವಾಗಿ ಅಗಲಿಸುತ್ತವೆ, ಗುಳ್ಳೆಗಳೂ ರೋಮವೂ ಹುಟ್ಟುತ್ತವೆ. ಬಿಟ್ಟೊಡನೆ ಮುಖ ಉರಿದು ಕೆಂಪಾಗುವುದರಿಂದ ಹೆದರಿ ಮತ್ತೆ ಹಚ್ಚುತ್ತಾರೆ. ಒಂದು ಬಗೆಯ ವ್ಯಸನದಂತೆ ಇದು ಹಿಡಿದುಕೊಳ್ಳುತ್ತದೆ. ‘ಸ್ಟೀರಾಯ್ಡಿನಿಂದ ಹಾನಿಗೊಂಡ ಮುಖ’ ಎಂದು ನಮ್ಮ ದೇಶದ ಚರ್ಮರೋಗ ತಜ್ಞರೇ ಇದಕ್ಕೊಂದು ಪ್ರತ್ಯೇಕ ಹೆಸರಿಡಬೇಕಾಗಿ ಬಂತು. ಕೆಲವು ಟ್ಯೂಬುಗಳಲ್ಲಿ ಸ್ಟೀರಾಯ್ಡಿನೊಡನೆ ಹೈಡ್ರೋಕ್ವಿನೋನ್ ಎಂಬ ರಾಸಾಯನಿಕವೂ ಇರುತ್ತದೆ. ಅದನ್ನು ವರ್ಷಗಟ್ಟಲೆ ಬಳಸಿದರೆ ಬಿಳುಪು ಬರುವ ಬದಲು ಹೋಗಲಾರದ ನೀಲಿಗಪ್ಪು ಕಲೆ ಉಳಿಯಬಹುದು. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ‘ಶೆಡ್ಯೂಲ್ ಎಚ್’ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಚೀಟಿ ಕೇಳುವ ಅಂಗಡಿಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆಯೋ ಶಿವನೇ ಬಲ್ಲ.

ಇನ್ನೊಂದು ವಿಷ ಪಾದರಸ. ಮೆಲನಿನ್ ಉತ್ಪತ್ತಿಯನ್ನು ತಡೆಯುವ ಶಕ್ತಿ ಇರುವುದರಿಂದ ಹೆಸರು ದೆಸೆಯಿಲ್ಲದ ಕ್ರೀಮುಗಳಲ್ಲಿ ಇದನ್ನು ಬೆರೆಸುತ್ತಾರೆ. ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೇರಳದ ಕೋಟಕ್ಕಲ್ಲಿನ ಆಸ್ಪತ್ರೆಯೊಂದರ ಮೂತ್ರಪಿಂಡ ತಜ್ಞರು, 2021ರಿಂದ 2023ರವರೆಗೆ ಮೂತ್ರದಲ್ಲಿ ಪ್ರೋಟೀನು ಸೋರುವ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದರು. ಅವರಲ್ಲಿ 15 ಜನರದು ಅಪರೂಪದ ಉಪವಿಧ. ಆ 15ರಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು! ಮುಖಕ್ಕೆ ಹಚ್ಚಿದ್ದಕ್ಕೂ ಕಾಲು ಊದಿಕೊಂಡದ್ದಕ್ಕೂ ನಂಟಿದೆಯೆಂದು ಅವರಲ್ಲಿ ಯಾರು ತಾನೇ ಊಹಿಸಿದ್ದಾರು? ಕೋಟಕ್ಕಲ್ ನಮ್ಮ ಆಯುರ್ವೇದಕ್ಕೆ ಹೆಸರಾದ ಊರೂ ಹೌದೆಂಬುದು ನಮಗೆ ಇನ್ನಷ್ಟು ಚುಚ್ಚಿತು. ನಮ್ಮ ದೇಶದ ನಿಯಮದ ಪ್ರಕಾರ ಮುಖಕ್ಕೆ ಹಚ್ಚುವ ಪ್ರಸಾಧನಗಳಲ್ಲಿ ಪಾದರಸವನ್ನು ಉದ್ದೇಶಪೂರ್ವಕ ಸೇರಿಸುವಂತಿಲ್ಲ. ಅರಿಯದೆ ಉಳಿದದ್ದೂ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದು. ಹೊರದೇಶದಿಂದ ಬಂದುದೆಂದು ಮಾರುವ, ತಯಾರಕರ ವಿಳಾಸವಿಲ್ಲದ ಡಬ್ಬಿಗಳಿಗೆ ಈ ನಿಯಮ ಅನ್ವಯಿಸುವವರಾರು?

ಈಗ ನಮ್ಮ ಶಾಸ್ತ್ರದ ಮಾತಿಗೆ ಬರೋಣ, ಏಕೆಂದರೆ ‘ಆಯುರ್ವೇದ’ ಎಂಬ ಮುದ್ರೆಯೊತ್ತಿದ ಕ್ರೀಮುಗಳನ್ನು ನಮ್ಮ ಭಕ್ತರು ಹೆಚ್ಚು ನಂಬುತ್ತಾರೆ. ಚರಕಾಚಾರ್ಯರು ಇಂದ್ರಿಯಸ್ಥಾನದಲ್ಲಿ ಮನುಷ್ಯ ದೇಹದ ಸಹಜ ವರ್ಣಗಳು ನಾಲ್ಕೆಂದಿದ್ದಾರೆ: ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ. ಪಟ್ಟಿಯ ಆರಂಭದಲ್ಲೇ ಕಪ್ಪು ಇದೆ, ಬಿಳುಪು ಕೊನೆಯಲ್ಲಿದೆ. ಅಲ್ಲಿಯೇ ಮುಂದೆ ವಿಕಾರದಿಂದ ಬರುವ ವರ್ಣಗಳನ್ನು ಎಣಿಸುವಾಗ ನೀಲ, ಶ್ಯಾವ, ತಾಮ್ರ, ಹರಿತಗಳೊಡನೆ ‘ಶುಕ್ಲ’ವನ್ನೂ ಸೇರಿಸಿದ್ದಾರೆ. ಎಂದರೆ ಮೈ ತನ್ನ ಸಹಜ ಬಣ್ಣವನ್ನು ಬಿಟ್ಟು ಬೆಳ್ಳಗಾದರೆ ವೈದ್ಯನು ಸಂತೋಷಪಡಬಾರದು, ರೋಗವನ್ನು ಹುಡುಕಬೇಕು. ಸುಶ್ರುತಾಚಾರ್ಯರು ಹೇಳುವ ಏಳು ಚರ್ಮಗಳಲ್ಲಿ ಮೊದಲನೆಯದು ಅವಭಾಸಿನಿ. ಎಲ್ಲ ವರ್ಣಗಳನ್ನೂ ಬೆಳಗಿಸಿ ತೋರಿಸುವುದು ಅದರ ಕೆಲಸ. ನಮ್ಮ ಪ್ರಾಚೀನರಿಗೆ ಗೌರವರ್ಣದ ಮೋಹವೇ ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಗೌರವರ್ಣದ ಮಗನನ್ನು ಬಯಸುವವಳಿಗೆ ಮಾಡಬೇಕಾದ ವಿಧಿ ಚರಕದಲ್ಲಿದೆ. ಆದರೆ ಅದರ ಬೆನ್ನಿಗೇ ಶ್ಯಾಮವರ್ಣದ ಮಗನನ್ನು ಬಯಸುವವಳಿಗೂ ವಿಧಿಯಿದೆ. ಕಪ್ಪು ಮಗುವನ್ನು ಹರಸಿ ಬೇಡುವ ತಾಯಿಯನ್ನು ಆ ಗ್ರಂಥ ಕಲ್ಪಿಸಿಕೊಳ್ಳಬಲ್ಲದು.

‘ವರ್ಣ್ಯ’ ಎಂಬ ಗುಂಪಿನಲ್ಲಿ ಚರಕರು ಚಂದನ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಸೊಗದೆ ಬೇರು ಮೊದಲಾದ ಹತ್ತು ದ್ರವ್ಯಗಳನ್ನು ಹೇಳಿದ್ದಾರೆ. ಇವು ಕೆಟ್ಟ ಬಣ್ಣವನ್ನು ಸಹಜ ಬಣ್ಣಕ್ಕೆ ತರುವ, ಕಾಂತಿಯನ್ನು ಕೊಡುವ ದ್ರವ್ಯಗಳು. ಬಂಗು, ಮೊಡವೆಯ ಕಲೆಗಳಲ್ಲಿ ನಾವು ಇವನ್ನು ಬಳಸುತ್ತೇವೆ. ಕಪ್ಪನ್ನು ಬಿಳುಪಾಗಿಸುವ ಒಂದು ಮೂಲಿಕೆಯೂ ಇವುಗಳಲ್ಲಿಲ್ಲ. ಇದನ್ನು ನಾವು ಮೊದಲೇ ಗಟ್ಟಿಯಾಗಿ ಹೇಳಬೇಕಾಗಿತ್ತು. ವೃತ್ತಿಯ ಆರಂಭದ ವರ್ಷಗಳಲ್ಲಿ, ಮದುವೆಗೆ ಬಂದ ಮಗಳಿಗೆ “ಬಣ್ಣ ಬರೂ ಔಷಧ” ಕೇಳಿಕೊಂಡು ಬಂದ ತಾಯಂದಿರಿಗೆ ಕುಂಕುಮಾದಿ ತೈಲವನ್ನು ಬರೆದುಕೊಟ್ಟು ಕಳಿಸಿದ್ದೇವೆ. ತೈಲದಿಂದ ಹಾನಿಯಾಗಲಿಲ್ಲ, ಅದು ನಿಜ. ಆದರೆ ಆ ಚೀಟಿಯನ್ನು ಬರೆದಾಗ, ಈ ಹುಡುಗಿಗೊಂದು ರೋಗವಿದೆಯೆಂದು ವೈದ್ಯನ ಸಹಿಯೊಡನೆ ಹೇಳಿದಂತಾಯಿತು. ಪಕ್ಕದಲ್ಲಿ ತಲೆತಗ್ಗಿಸಿ ಕುಳಿತಿದ್ದ ಮಕ್ಕಳ ಮುಖಗಳು ಈಗ ನೆನಪಿಗೆ ಬರುತ್ತವೆ.

ಮತ್ತೆ ಆ ಹುಡುಗಿಯ ವಿಷಯ. ಅವಳ ರೆಪ್ಪೆಯ ಒಳಭಾಗವನ್ನೂ ಉಗುರುಗಳನ್ನೂ ನೋಡಿ ನಮಗೆ ಶಂಕೆ ಬಂತು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.8 ಇತ್ತು. ಅವಳ ವಯಸ್ಸಿಗೆ 12 ಇರಬೇಕು. ಕೈಕಾಲುಗಳೂ ಬೆಳ್ಳಗಾಗುತ್ತಿವೆಯೆಂದು ಮನೆಯವರು ಹಿಗ್ಗುತ್ತಿದ್ದರು. ಅದು ಕ್ರೀಮಿನ ಪ್ರಭಾವವಲ್ಲ, ಬಿಳಿಚಿಕೊಂಡದ್ದು, ನಮ್ಮ ಶಾಸ್ತ್ರದ ಪಾಂಡುರೋಗ. ತೆಳ್ಳಗಾಗಬೇಕೆಂದು ರಾತ್ರಿಯ ಊಟವನ್ನೂ ಬಿಟ್ಟಿದ್ದಳು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಮಹಿಳೆಯರಲ್ಲಿ ದೇಶದಲ್ಲಿ ಶೇ. 57, ಕರ್ನಾಟಕದಲ್ಲಿ ಶೇ. 47.8 ಜನರಿಗೆ ರಕ್ತಹೀನತೆಯಿದೆ. ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತವಿಲ್ಲದ ನಾಡಿನಲ್ಲಿ ಬಿಳುಪನ್ನು ಸೌಂದರ್ಯವೆಂದು ಹೊಗಳುತ್ತ ಕುಳಿತಿದ್ದೇವೆ. ಹಾಗೆಯೇ ಕುತ್ತಿಗೆಯ ಹಿಂಭಾಗ, ಕಂಕುಳುಗಳಲ್ಲಿ ಮಖಮಲ್ಲಿನಂತೆ ದಪ್ಪಗೆ ಕಪ್ಪಾದರೆ ಅದನ್ನು ಕೊಳೆಯೆಂದು ಉಜ್ಜುವವರಿದ್ದಾರೆ. ಅದು ಬಹಳ ಸಲ ಮಧುಮೇಹದ ಮುನ್ಸೂಚನೆ. ಉಜ್ಜುವುದನ್ನು ಬಿಟ್ಟು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ಅವಳ ಮುಖದ ಚಿಕಿತ್ಸೆಯನ್ನು ನಾವೊಬ್ಬರೇ ಕೈಗೆತ್ತಿಕೊಳ್ಳಲಿಲ್ಲ. ಬಹುಕಾಲ ಹಚ್ಚಿದ ಸ್ಟೀರಾಯ್ಡನ್ನು ಬಿಡಿಸುವುದು ಚರ್ಮರೋಗ ತಜ್ಞರ ಮೇಲ್ವಿಚಾರಣೆಯಲ್ಲಿ ಆಗಬೇಕಾದ ಕೆಲಸ. ಜಿಲ್ಲಾ ಕೇಂದ್ರದ ತಜ್ಞರ ಬಳಿ ಕಳಿಸಿದೆವು. ಉರಿ ಇಳಿಯುವವರೆಗೆ ಕಡಲೆಹಿಟ್ಟು, ಅರಿಶಿನ, ಮುಲ್ತಾನಿ ಮಣ್ಣು ಯಾವುದನ್ನೂ ಮುಖಕ್ಕೆ ಸೋಕಿಸಬಾರದೆಂದೆವು. ತಣ್ಣೀರಿನಿಂದ ತೊಳೆಯುವುದು, ಬಿಸಿಲಿಗೆ ಕೊಡೆ, ಇಷ್ಟೇ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗಿ ಸುಟ್ಟ ಕಲೆ ಮಾಡಿಕೊಂಡವರನ್ನೂ ನಾವು ಕಂಡಿದ್ದೇವೆ. ನಿಂಬೆಹಣ್ಣಿನ ಜಾಗ ಊಟದ ತಟ್ಟೆ. ನುಗ್ಗೆಸೊಪ್ಪಿನ ಪಲ್ಯ, ಕಾಳುಗಳ ಮೇಲೆ ಹಿಂಡಿಕೊಂಡರೆ ಅವುಗಳಲ್ಲಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೆ ಚಹಾ ಕುಡಿದರೆ ಹತ್ತುವುದಿಲ್ಲ. ಇದರೊಡನೆ ಕಬ್ಬಿಣದ ಮಾತ್ರೆ, ಎರಡು ಹೊತ್ತು ಹೊಟ್ಟೆತುಂಬ ರೊಟ್ಟಿ.

ಆ ತಾಯಿ ಲಿಂಗನಿಷ್ಠೆಯುಳ್ಳವರು, ದಿನವೂ ತಪ್ಪದೆ ಪೂಜೆ ಮಾಡುವವರು. ಎರಡನೆಯ ಭೇಟಿಯಲ್ಲಿ ನಾವು ಅವರನ್ನು ಒಂದು ಮಾತು ಕೇಳಿದೆವು. ದಿನವೂ ಎಡ ಅಂಗೈಯಲ್ಲಿಟ್ಟುಕೊಂಡು ಎವೆಯಿಕ್ಕದೆ ನೋಡುವ ಇಷ್ಟಲಿಂಗದ ಬಣ್ಣ ಯಾವುದವ್ವ? “ಕರೀದುರಿ” ಎಂದವರು ಒಂದು ಗಳಿಗೆ ತಡೆದು ಮಗಳ ಕಡೆ ನೋಡಿದರು. ಅರಸನ ಅರಮನೆಯನ್ನೇ ತೊರೆದು ಹೊರಟ ಅಕ್ಕಮಹಾದೇವಿಯ ಕಥೆಯನ್ನು ಪ್ರವಚನದಲ್ಲಿ ಎಷ್ಟೋ ಬಾರಿ ಕೇಳಿದವರು ಅವರು. ಮಗಳಿಗೆ ಹೇಳಿದ್ದು ಮಾತ್ರ, ಬಣ್ಣವಿಲ್ಲದಿದ್ದರೆ ವರ ಸಿಗುವುದಿಲ್ಲವೆಂದು. ನಾವು ಅವರನ್ನು ದೂರಲಾರೆವು, ನಮ್ಮ ಚೀಟಿಗಳೂ ಅದನ್ನೇ ಹೇಳಿದ್ದವು.

ಈಗ ಏಳು ತಿಂಗಳಾಗಿದೆ. ಹಿಮೋಗ್ಲೋಬಿನ್ 11ಕ್ಕೆ ಏರಿದೆ. ಉರಿಯೂ ಗುಳ್ಳೆಗಳೂ ಹೋಗಿವೆ. ಕೆನ್ನೆಯ ರಕ್ತನಾಳಗಳು ಪೂರ್ತಿ ಮಾಯವಾಗಲಾರವೆಂದು ತಜ್ಞರು ತಿಳಿಸಿದ್ದಾರೆ. ಅವಳ ಮೊದಲಿನ ಎಣ್ಣೆಗಪ್ಪು ಬಣ್ಣ ನಿಧಾನವಾಗಿ ಮರಳುತ್ತಿದೆ. ಓಢಣಿಯನ್ನು ಹೆಗಲ ಮೇಲೆ ಹಾಕಿಕೊಂಡು ಬರುತ್ತಾಳೆ.

ಕಳೆದ ವಾರ ತಾಯಿಯೊಬ್ಬರೇ ಬಂದಿದ್ದರು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಕಿರಿಮಗಳ ಪಾಟೀಚೀಲದಲ್ಲಿ ಸಿಕ್ಕಿತೆಂದು ಟ್ಯೂಬೊಂದನ್ನು ಮೇಜಿನ ಮೇಲಿಟ್ಟರು. ನಾವು ಕನ್ನಡಕ ಹುಡುಕುವಷ್ಟರಲ್ಲಿ ಅವರೇ ಅದನ್ನೆತ್ತಿ ಬೆಳಕಿಗೆ ಹಿಡಿದು, ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದತೊಡಗಿದರು: “ಮೊ... ಮೊಮೆಟಾಸೋನ್. ಇದು ಅದ ಹೌದಲ್ರಿ, ಸಾಹೇಬ್ರ?”